ಕೆಂಡವಿಲ್ಲದ ಧೂಪ

ಮಸಾಲೆ ಮತ್ತು ಮರದ ಅಂಟು ಸೇರಿಸಿ ಮಾಡಿದ ಪರ್ಫ್ಯೂಮ್‌ಗಳ ಬಗ್ಗೆ ಓದುವಾಗೆಲ್ಲ ನನ್ನನ್ನು ಒಂದು ಪ್ರಶ್ನೆ ಕಾಡುತ್ತಿತ್ತು. ಈ ವಾಸನೆಗಳು ನಮಗೆ ಹೊಸತಲ್ಲ. ಏಲಕ್ಕಿ, ಲವಂಗ, ಚಕ್ಕೆ ಅಡುಗೆಮನೆಯ ಡಬ್ಬಿಯಲ್ಲೇ ಇವೆ. ಸಾಂಬ್ರಾಣಿ, ಗುಗ್ಗುಳ ದೇವರ ಮನೆಯಲ್ಲಿವೆ. ಹಾಗಿದ್ದ ಮೇಲೆ ಪ್ಯಾರಿಸ್‌ನಲ್ಲಿ ಯಾರೋ ಇವನ್ನೆಲ್ಲ ಒಂದು ಬಾಟಲಿಗೆ ಸೇರಿಸಿದರೆ ಅದರಲ್ಲಿ ನನ್ನಂಥವಳಿಗೆ ಹೊಸದೇನು ಸಿಕ್ಕೀತು?

ತುಂಬಾ ಸಿಕ್ಕಿತು. ಅದಕ್ಕೇ ಈ ಬರಹ ಇಷ್ಟು ಉದ್ದವಾಗಿದೆ.

ನಾನು ಹಚ್ಚಿಕೊಂಡು ನೋಡಿದ್ದು ‘ತ್ರಯೀ’ ಅನ್ನುವ ಪರ್ಫ್ಯೂಮ್. ಭಾರತ ಮೂಲದ, ಪ್ಯಾರಿಸ್‌ನಲ್ಲಿ ನೆಲೆಸಿರುವ ನೀಲಾ ವರ್ಮೇರ್ 2011ರಲ್ಲಿ ತಮ್ಮದೇ ಹೆಸರಿನ ಪುಟ್ಟ ಸಂಸ್ಥೆಯಿಂದ ಮೂರು ಪರ್ಫ್ಯೂಮ್‌ಗಳನ್ನು ಒಟ್ಟಿಗೆ ಹೊರತಂದರು. ಮೂರೂ ಭಾರತದ ಬೇರೆ ಬೇರೆ ಕಾಲಗಳನ್ನು ನೆನೆದು ಮಾಡಿದವು. ‘ತ್ರಯೀ’ ವೇದಗಳ ಕಾಲಕ್ಕೆ, ‘ಮೊಹರ್’ ಮೊಘಲರು ಮತ್ತು ಬ್ರಿಟಿಷರ ಕಾಲಕ್ಕೆ, ‘ಬಾಂಬೆ ಬ್ಲಿಂಗ್’ ಇವತ್ತಿನ ಭಾರತಕ್ಕೆ. ಮೂರನ್ನೂ ಕಟ್ಟಿದವರು ಫ್ರಾನ್ಸ್‌ನ ಬರ್ಟ್ರಾಂಡ್ ದುಶೋಫೂರ್. ಧೂಪದ ವಾಸನೆ ಇಷ್ಟಪಡುವವರಿಗೆ ಇವರ ಹೆಸರು ಚೆನ್ನಾಗಿ ಗೊತ್ತು. ಕಾಮ್ ದೆ ಗಾರ್ಸೋನ್ ಸಂಸ್ಥೆಗೆ 2002ರಲ್ಲಿ ‘ಅವಿನ್ಯೋನ್’, ‘ಕ್ಯೋಟೋ’ ಅನ್ನುವ ಧೂಪದ ಪರ್ಫ್ಯೂಮ್‌ಗಳನ್ನು ಮಾಡಿಕೊಟ್ಟವರು ಇವರೇ. 2004ರ ‘ಟಿಂಬಕ್ಟು’ ಕೂಡ ಇವರದ್ದೇ.

ಇಂಥವನ್ನು ನಿಶ್ ಪರ್ಫ್ಯೂಮ್ ಅಂತಾರೆ. ಎಲ್ಲರಿಗೂ ಒಪ್ಪಿಗೆಯಾಗಲಿ ಅಂತ ಮಾಡದೆ, ಸಣ್ಣ ಪ್ರಮಾಣದಲ್ಲಿ, ಇಂಥದ್ದನ್ನೇ ಹುಡುಕಿಕೊಂಡು ಬರುವವರಿಗಾಗಿ ಮಾಡುವ ಪರ್ಫ್ಯೂಮ್. ಬೆಲೆ ಜಾಸ್ತಿ. ಹಾಗಾಗಿ ನಾನು ಮೊದಲು ತರಿಸಿಕೊಳ್ಳುವುದು ಪುಟ್ಟ ಗಾಜಿನ ಸ್ಯಾಂಪಲ್ ಮಾತ್ರ. ಕಿರುಬೆರಳಿನಷ್ಟೂ ಇರದ ಶೀಶೆ. ಆದರೆ ಅಷ್ಟರಲ್ಲೇ ಹಲವು ದಿನ ಹಚ್ಚಿಕೊಂಡು ನೋಡಬಹುದು.

ತ್ರಯೀಯನ್ನೇ ಆರಿಸಿಕೊಂಡಿದ್ದಕ್ಕೆ ಕಾರಣ ಅದರಲ್ಲಿ ಏನೇನಿದೆ ಅಂತ ಅವರು ಕೊಟ್ಟಿರುವ ಪಟ್ಟಿ. ಶುಂಠಿ, ಏಲಕ್ಕಿ, ಲವಂಗ, ಚಕ್ಕೆ, ಕೇಸರಿ, ತುಳಸಿ ಜಾತಿಯ ಎಲೆ, ಎರಡು ಬಗೆಯ ಮಲ್ಲಿಗೆ, ಎರಡು ಊರಿನ ಲಾವಂಚ, ಎಲೆಮಿ ಅನ್ನುವ ಅಂಟು, ಧೂಪ, ಬೋಳ, ಪಚೌಲಿ ಎಲೆ, ಲಾವೋಸ್‌ನ ಅಗರು. ಜೊತೆಗೆ ಮೈಸೂರಿನ ಗಂಧದೆಣ್ಣೆ. ಓದುತ್ತಾ ಹೋದರೆ ಅರ್ಧ ಪಟ್ಟಿ ಗ್ರಂಧಿಗೆ ಅಂಗಡಿಯದ್ದೇ. ನಮ್ಮೂರಿನ ಹೆಸರನ್ನು ಅಲ್ಲಿ ನೋಡಿದ ಮೇಲೆ ಸುಮ್ನೆ ಇರೋಕೆ ಮನಸ್ಸು ಬರಲಿಲ್ಲ.

ಇನ್ನು ನಾನು ಹೇಳಬೇಕಾದ ವಿಷಯಕ್ಕೆ ಬರುತ್ತೇನೆ. ನಮ್ಮ ಕಡೆ ಅಂಟಿನ ವಾಸನೆಗೆ ಬೆಂಕಿ ಬೇಕೇ ಬೇಕು. ಸಾಂಬ್ರಾಣಿ ಕೆಂಡದ ಮೇಲೆ ಬೀಳಬೇಕು. ಊದುಬತ್ತಿಗೆ ಕಡ್ಡಿ ಗೀರಬೇಕು. ಬಾಣಂತಿಗೂ ಕೂಸಿಗೂ ನೀರು ಹಾಕಿದ ಮೇಲೆ ಬುಟ್ಟಿ ಬೋರಲು ಹಾಕಿ ಧೂಪದ ಹೊಗೆ ಹಿಡಿಯುತ್ತಾರೆ. ಹೊಗೆ ಇಲ್ಲದೆ ಅಂಟಿಗೆ ವಾಸನೆಯೇ ಇಲ್ಲ ಅನ್ನುವಷ್ಟು ಇದು ನಮಗೆ ರೂಢಿ. ಡಬ್ಬಿಯಲ್ಲಿರುವ ಸಾಂಬ್ರಾಣಿ ಗಟ್ಟಿಯನ್ನು ಹಾಗೇ ಮೂಸಿ ನೋಡುವವರು ಎಷ್ಟು ಜನ?

ಕೆಂಡದ ಮೇಲೆ ಅಂಟು ಬಿದ್ದಾಗ ಅದರೊಳಗಿನ ಹಗುರದ್ದು, ಭಾರದ್ದು ಎಲ್ಲ ಒಂದೇ ಉಸಿರಿಗೆ ಹೊರಗೆ ಬರುತ್ತದೆ. ಆವಿಯಾಗದ ಭಾಗ ಸುಟ್ಟು ಹೊಗೆಯಾಗುತ್ತದೆ. ಆ ಸುಟ್ಟ ವಾಸನೆಯೂ ಸೇರಿಯೇ ನಮ್ಮ ‘ಧೂಪದ ವಾಸನೆ’ ಆಗಿದೆ. ಪರ್ಫ್ಯೂಮ್‌ನಲ್ಲಿ ಬೆಂಕಿ ಇಲ್ಲ. ಅಂಟನ್ನು ಹಬೆಯಲ್ಲಿ ಬಟ್ಟಿ ಇಳಿಸಿ ಎಣ್ಣೆ ತೆಗೆಯುತ್ತಾರೆ, ಇಲ್ಲವೇ ದ್ರಾವಕದಲ್ಲಿ ಕರಗಿಸಿ ಸಾರ ತೆಗೆಯುತ್ತಾರೆ. ಅದು ಆಲ್ಕೋಹಾಲ್ ಜೊತೆ ನಮ್ಮ ಮೈ ಮೇಲೆ ಬೀಳುತ್ತದೆ. ಆಲ್ಕೋಹಾಲ್ ಅರ್ಧ ನಿಮಿಷದಲ್ಲಿ ಹಾರಿಹೋಗುತ್ತದೆ. ಉಳಿದದ್ದೆಲ್ಲ ಚರ್ಮದ ಬಿಸಿಗೆ ಬಿಟ್ಟ ವಿಷಯ. ಚರ್ಮದ ಮೇಲ್ಪದರದ ಬಿಸಿ ಸಾಮಾನ್ಯವಾಗಿ 32ರಿಂದ 34 ಡಿಗ್ರಿ ಸೆಲ್ಸಿಯಸ್. ಇದನ್ನು ಒಂದು ಆರದ, ಬಹಳ ಸೋಮಾರಿಯಾದ ಕೆಂಡ ಅಂದುಕೊಳ್ಳಿ. ನಿಜವಾದ ಕೆಂಡ ಒಂದೆರಡು ನಿಮಿಷದಲ್ಲಿ ಮುಗಿಸುವ ಕೆಲಸವನ್ನು ಇದು ಬೆಳಗಿನಿಂದ ಸಂಜೆವರೆಗೆ ಮಾಡುತ್ತದೆ. ಹಾಗಾಗಿ ಒಳಗಿರುವುದು ಒಂದೊಂದಾಗಿ, ಸರದಿ ಪ್ರಕಾರ ಹೊರಗೆ ಬರುತ್ತದೆ. ಹೊಗೆಯಲ್ಲಿ ಎಲ್ಲ ಕಲಸಿಹೋಗಿದ್ದ ವಾಸನೆಗಳನ್ನು ಬಿಡಿಬಿಡಿಯಾಗಿ ನೋಡುವ ಅವಕಾಶ ನನಗೆ ಮೊದಲು ಸಿಕ್ಕಿದ್ದು ಇಲ್ಲಿ.

ಕಾಗದದ ಪಟ್ಟಿಯ ಮೇಲೆ ಇದು ಗೊತ್ತಾಗುವುದಿಲ್ಲ. ಪರ್ಫ್ಯೂಮ್ ಹಾಕಿ ಮೂಸಿ ನೋಡಲು ಅಂಗಡಿಗಳಲ್ಲಿ ಕೊಡುವ ಆ ಬಿಳಿ ಪಟ್ಟಿ ತಣ್ಣಗಿರುತ್ತದೆ. ಅದರ ಮೇಲೆ ಮೊದಲ ಐದು ನಿಮಿಷದ ಕಥೆ ಚೆನ್ನಾಗಿ ಕೇಳಿಸುತ್ತದೆ, ಅಷ್ಟೇ. ಅಂಟು ಜಾಸ್ತಿ ಇರುವ ಪರ್ಫ್ಯೂಮ್ ಕೊಳ್ಳುವವರು ಕಾಗದ ನಂಬಿ ದುಡ್ಡು ಕೊಡಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ನಾನು ಹಚ್ಚಿಕೊಳ್ಳುವುದು ಎಡಗೈಯ ಒಳಭಾಗಕ್ಕೆ, ಮಣಿಕಟ್ಟಿಗಿಂತ ಸ್ವಲ್ಪ ಮೇಲೆ. ಮಣಿಕಟ್ಟಿಗೆ ಹಚ್ಚಿದರೆ ಕೈ ತೊಳೆಯುವಾಗ ಹೋಗಿಬಿಡುತ್ತದೆ. ಅವತ್ತು ಸ್ನಾನಕ್ಕೆ ವಾಸನೆಯ ಸೋಪು ಬೇಡ, ತಲೆಗೆ ಎಣ್ಣೆಯೂ ಬೇಡ, ಮುಡಿಗೆ ಮಲ್ಲಿಗೆಯೂ ಬೇಡ. ಚರ್ಮ ಒಣಗಿದ್ದರೆ ವಾಸನೆಯಿಲ್ಲದ ಲೋಷನ್ ತೆಳ್ಳಗೆ ಹಚ್ಚಿದರೆ ವಾಸನೆ ಜಾಸ್ತಿ ಹೊತ್ತು ನಿಲ್ಲುತ್ತದೆ. ಎರಡೂ ಕೈ ಸೇರಿಸಿ ಉಜ್ಜುವ ಅಭ್ಯಾಸ ಬಹಳ ಜನಕ್ಕಿದೆ. ಉಜ್ಜಿದರೆ ಅಣುಗಳು ಮುರಿಯುತ್ತವೆ ಅಂತಾರೆ. ಹಾಗೇನೂ ಆಗುವುದಿಲ್ಲ. ಆದರೆ ಬಿಸಿ ಹೆಚ್ಚಾಗಿ ಹಗುರ ವಾಸನೆಗಳು ಬೇಗ ಓಡುತ್ತವೆ. ಏಲಕ್ಕಿಯನ್ನು ನೋಡೋಕೆ ಕಾಯುತ್ತಿರುವಾಗ ಅದನ್ನೇ ಓಡಿಸುವುದು ಯಾಕೆ ಅಲ್ವಾ?

ಹಚ್ಚಿದ ಕೂಡಲೇ ಬರುವುದು ಘಾಟು. ಶುಂಠಿ ಮೊದಲು. ಹಸಿ ಶುಂಠಿಯ ತುದಿ ಮುರಿದಾಗ ಬರುವ, ನಿಂಬೆಯ ಹುಳಿ ಸೇರಿದ ಆ ಚುರುಕು. ಅದರ ಹಿಂದೆಯೇ ಏಲಕ್ಕಿ. ಪಾಯಸದ ಏಲಕ್ಕಿ ಅಲ್ಲ ಇದು. ಪಾಯಸದಲ್ಲಿ ಏಲಕ್ಕಿ ಬೆಲ್ಲ, ತುಪ್ಪದ ಮರೆಯಲ್ಲಿರುತ್ತದೆ. ಇದು ಹಸಿರು ಸಿಪ್ಪೆ ಈಗಷ್ಟೇ ಸೀಳಿದ್ದು, ಮೂಗಿಗೆ ತಣ್ಣಗೆ ಹೊಡೆಯುವಂಥದ್ದು. ಆ ತಂಪಿಗೆ ಕಾರಣ ಸಿನಿಯೋಲ್ ಅನ್ನುವ ಅಣು. ನೀಲಗಿರಿ ಎಣ್ಣೆಯಲ್ಲಿ ಹೇರಳವಾಗಿರುವುದೂ ಅದೇ. ಹೂವಿನ ಸಿಹಿ ಕೊಡುವ ಇನ್ನೊಂದು ಅಣುವೂ ಏಲಕ್ಕಿಯಲ್ಲಿದೆ. ಆದರೆ ಅದು ನಿಧಾನದ್ದು. ಇನ್ನೂ ಬಲಿಯದ ಹಸಿರು ಕಾಯಿ, ಹಣ್ಣಾದ ಕಾಯಿ, ಎರಡರ ಹದವೂ ಸಕಲೇಶಪುರ, ಕೊಡಗಿನ ಕಡೆಯ ತೋಟದವರಿಗೆ ಮೂಗಿನಲ್ಲೇ ಗೊತ್ತಿರುತ್ತದೆ. ಅವರ ಕೈಗೆ ಈ ಶೀಶೆ ಕೊಟ್ಟು ಏನನ್ನುತ್ತಾರೆ ಅಂತ ಕೇಳುವ ಆಸೆ ನನಗಿದೆ.

ಒಂದು ವಿಷಯ ನನಗೆ ಬಹಳ ಇಷ್ಟವಾಯಿತು. ಮಸಾಲೆ ಪರ್ಫ್ಯೂಮ್‌ನಲ್ಲಿ ನಾಲಿಗೆಯ ಖಾರ ಇರುವುದಿಲ್ಲ. ಕಾಳುಮೆಣಸಿನ ಖಾರ ಪೈಪರಿನ್‌ನದ್ದು, ಶುಂಠಿಯ ಖಾರ ಜಿಂಜರಾಲ್‌ನದ್ದು. ಇವು ಗಾಳಿಗೆ ಏರುವ ಜಾತಿಯಲ್ಲ. ಬಟ್ಟಿ ಇಳಿಸಿದಾಗ ಪಾತ್ರೆಯಲ್ಲೇ ಉಳಿಯುತ್ತವೆ. ಎಣ್ಣೆಗೆ ಬರುವುದು ವಾಸನೆ ಮಾತ್ರ. ಖಾರ ಕಳೆದ ಮೇಲೆ ಮೆಣಸು, ಶುಂಠಿ ಎಷ್ಟು ನಯವಾದ ವಸ್ತುಗಳು ಅಂತ ಆಗ ತಿಳಿಯುತ್ತದೆ. ಲವಂಗ, ಚಕ್ಕೆಯ ಮಾತು ಬೇರೆ. ಲವಂಗದ ಯುಜೆನಾಲ್, ಚಕ್ಕೆಯ ಸಿನ್ನಮಾಲ್ಡಿಹೈಡ್ ಎರಡೂ ಹಾರುತ್ತವೆ. ವಾಸನೆಯ ನರವನ್ನಷ್ಟೇ ಅಲ್ಲ, ಉರಿ ತಿಳಿಸುವ ನರವನ್ನೂ ಮುಟ್ಟುತ್ತವೆ. ಮೂಗಿಗೆ ಬೆಚ್ಚಗಾಯಿತು ಅನ್ನಿಸುವುದು ಬರೀ ಕಲ್ಪನೆಯಲ್ಲ.

ಈ ಎರಡರ ಬಗ್ಗೆ ಎಚ್ಚರವೂ ಬೇಕು. ಕೆಲವರ ಚರ್ಮಕ್ಕೆ ಅವು ಆಗಿಬರುವುದಿಲ್ಲ. ಅದಕ್ಕೇ ಸುಗಂಧ ಉದ್ಯಮದ ಅಂತರರಾಷ್ಟ್ರೀಯ ಸಂಘಟನೆಯಾದ ಇಫ್ರಾ ಇವನ್ನು ಎಷ್ಟು ಬಳಸಬಹುದು ಅಂತ ಮಿತಿ ಹಾಕಿದೆ. ಯುರೋಪಿನಲ್ಲಿ ಮಾರುವ ಪರ್ಫ್ಯೂಮ್‌ನ ಪೆಟ್ಟಿಗೆ ತಿರುಗಿಸಿ ನೋಡಿದರೆ ಯುಜೆನಾಲ್, ಸಿನ್ನಮಾಲ್ ಅಂತ ಹೆಸರುಗಳು ಅಚ್ಚಾಗಿರುತ್ತವೆ. ಎಕ್ಸಿಮಾ ಇರುವವರು, ಬೇಗ ತುರಿಕೆ ಏಳುವವರು ಅದನ್ನು ಓದಿಯೇ ಮುಂದುವರಿಯಬೇಕು. ಲವಂಗದೆಣ್ಣೆಯನ್ನು ಹಾಗೇ ಮೈಗೆ ಹಚ್ಚಿಕೊಂಡು ‘ನೈಸರ್ಗಿಕ ತಾನೇ’ ಅನ್ನುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ.

ಹತ್ತು ನಿಮಿಷ ಕಳೆಯುವ ಹೊತ್ತಿಗೆ ತ್ರಯೀಗೆ ಒಂದು ಹಸಿರು, ಒರಟು ಹೊಗೆ ಬರುತ್ತದೆ. ಪಟ್ಟಿಯಲ್ಲಿ ಅದಕ್ಕೆ ಗಾಂಜಾ ಅಂತ ಹೆಸರಿದೆ. ಅದು ಗಾಂಜಾ ಅಲ್ಲ. ಆ ವಾಸನೆ ಬರುವ ಹಾಗೆ ಬೇರೆ ಬೇರೆ ವಸ್ತು ಕೂಡಿಸಿ ಕಟ್ಟಿದ ಮಿಶ್ರಣ. ಜೊತೆಗೆ ಬ್ಲ್ಯಾಕ್ ಕರಂಟ್ ಅನ್ನುವ ಹಣ್ಣಿನ ಗಿಡದ ಮೊಗ್ಗಿನ ಸಾರದ ಕಟು ವಾಸನೆಯೂ ಇದೆ. ಪರ್ಫ್ಯೂಮ್‌ನ ಇಷ್ಟು ಭಾಗ ಎಲ್ಲರಿಗೂ ಹಿಡಿಸುವುದಿಲ್ಲ. ನನಗೆ ಹಿಡಿಸಿತು. ಇಲ್ಲದಿದ್ದರೆ ಇದು ಸುಮ್ನೆ ಒಳ್ಳೆಯ ಮಸಾಲೆ ಟೀ ಆಗಿ ನಿಂತುಬಿಡುತ್ತಿತ್ತು. ಈ ಒರಟುತನದಿಂದಲೇ ಅಡುಗೆಮನೆ ಬಿಟ್ಟು ಹೊರಗೆ ಬರುತ್ತದೆ.

ಎಲೆಮಿ ಬಗ್ಗೆ ಸ್ವಲ್ಪ ಹೇಳಬೇಕು. ಅದು ಫಿಲಿಪ್ಪೀನ್ಸ್‌ನ ಒಂದು ಮರದ ಅಂಟು. ನಿಂಬೆ, ಕಾಳುಮೆಣಸು, ದೇವದಾರು ಮೂರೂ ಸೇರಿದ ವಾಸನೆ. ಮಸಾಲೆಯ ಕಡೆಯಿಂದ ಅಂಟಿನ ಕಡೆಗೆ ಪರ್ಫ್ಯೂಮ್ ದಾಟಿಹೋಗುವುದು ಇದರ ಮೂಲಕವೇ. ಆ ಮರ ಕನೇರಿಯಂ ಕುಲದ್ದು. ನಮ್ಮ ಪಶ್ಚಿಮ ಘಟ್ಟದಲ್ಲಿ ಕಪ್ಪು ಅಂಟು ಸುರಿಸುವ ರಾಳಧೂಪದ ಮರ ಇದೆಯಲ್ಲ, ಅದೂ ಅದೇ ಕುಲದ್ದು. ಬೋಳವೂ ಹಾಗೆಯೇ. ಆಫ್ರಿಕಾ ಮತ್ತು ಅರೇಬಿಯಾದ ಒಣ ನೆಲದ ಮುಳ್ಳುಗಿಡದ ಅಂಟು ಅದು. ನಮ್ಮ ಗುಗ್ಗುಳದ ಗಿಡ ಅದರದ್ದೇ ಕುಲ. ಪ್ಯಾರಿಸ್‌ನ ಬಾಟಲಿಯಲ್ಲಿ ನನಗೆ ಎಲ್ಲವೂ ಗುರುತಿನದ್ದೇ ಅನ್ನಿಸಿದ್ದಕ್ಕೆ ಈ ನೆಂಟಸ್ತಿಕೆಯೂ ಕಾರಣ ಇರಬೇಕು.

ಒಂದು ಗಂಟೆಯ ಮೇಲೆ ಮಲ್ಲಿಗೆ ಬರುತ್ತದೆ ಅಂತ ಕಾದೆ. ಬಂತು, ಆದರೆ ತೀರಾ ತೆಳ್ಳಗೆ. ಮುಡಿದು ಬಾಡಿದ ದುಂಡುಮಲ್ಲಿಗೆಯ ದಟ್ಟ ವಾಸನೆ ಬಯಸುವವರಿಗೆ ಇಲ್ಲಿ ಏನೂ ಸಿಗುವುದಿಲ್ಲ. ಹೂವಿನ ಮಾತು ಅಷ್ಟಕ್ಕೇ ಸಾಕು.

ಇದರ ಜೀವ ಇರುವುದು ಎರಡನೇ ಗಂಟೆಯಿಂದ ಐದನೇ ಗಂಟೆಯವರೆಗೆ. ಲವಂಗ ಇನ್ನೂ ಪೂರ್ತಿ ಹೋಗಿಲ್ಲ, ಆದರೆ ತಗ್ಗಿದೆ. ಏಲಕ್ಕಿಯ ತಂಪು ಹೋಗಿ ಸಿಹಿ ಮಾತ್ರ ಉಳಿದಿದೆ. ಕೆಳಗಿನಿಂದ ಧೂಪ ಏಳುತ್ತದೆ. ಒಮಾನ್, ಸೊಮಾಲಿಯಾ ಕಡೆಯ ಫ್ರಾಂಕಿನ್ಸೆನ್ಸ್ ಅಂಟಿನ ವಾಸನೆ ಅದು. ಅದರ ಎಣ್ಣೆಯನ್ನು ಬಿಡಿಯಾಗಿ ಮೂಸಿದವರಿಗೆ ಮೊದಲು ಬರುವುದು ಪೈನ್ ಮರ ಮತ್ತು ನಿಂಬೆಯ ವಾಸನೆ. ‘ಇದೇನು, ಧೂಪವೇ ಅಲ್ಲವಲ್ಲ’ ಅನ್ನಿಸುತ್ತದೆ. ಆ ಹಗುರ ಭಾಗ ಹಾರಿಹೋಗಬೇಕು. ಆಮೇಲೆ ಒಣ, ಖನಿಜದ, ಹಳೆಯ ಕಲ್ಲಿನ ಕಟ್ಟಡದೊಳಗಿನ ಗಾಳಿಯ ವಾಸನೆ ಉಳಿಯುತ್ತದೆ. ಹಳೆ ಚರ್ಚುಗಳಲ್ಲಿ ಮೂಗಿಗೆ ಬರುವ ಆ ವಾಸನೆ ಎಲ್ಲಿಂದ ಬರುತ್ತದೆ ಅನ್ನುವುದು ಬಹಳ ಕಾಲ ರಸಾಯನ ಶಾಸ್ತ್ರದವರಿಗೆ ಸಿಕ್ಕಿರಲಿಲ್ಲ. 2016ರಲ್ಲಿ ಫ್ರಾನ್ಸ್‌ನ ನೀಸ್ ನಗರದ ಸಂಶೋಧಕರು ಅದಕ್ಕೆ ಕಾರಣವಾದ ಎರಡು ಆಮ್ಲಗಳನ್ನು ಗುರುತಿಸಿದರು. ಒಲಿಬಾನಿಕ್ ಆಮ್ಲ ಅಂತ ಹೆಸರಿಟ್ಟರು. ಅಂಟಿನಲ್ಲಿ ಅವು ಇರುವುದು ಲೆಕ್ಕಕ್ಕೆ ಸಿಗದಷ್ಟು ಕಡಿಮೆ. ಮೂಗಿಗೆ ಮಾತ್ರ ಅಷ್ಟೇ ಸಾಕು.

ಬೋಳ ಕಾಣಿಸಿಕೊಳ್ಳುವುದೂ ಈ ಹೊತ್ತಿಗೇ. ಕಹಿ, ಸ್ವಲ್ಪ ಮಣ್ಣು, ಸ್ವಲ್ಪ ಔಷಧಿ. ಸಿಹಿ ಜಾಸ್ತಿಯಾಗದ ಹಾಗೆ ತಡೆಯುವುದು ಅದೇ. ಅಂಟಿನ ಪರ್ಫ್ಯೂಮ್‌ಗಳಲ್ಲಿ ವೆನಿಲಾ, ಸಾಂಬ್ರಾಣಿ ಸುರಿದು ಹೋಳಿಗೆ ಹೂರಣದಂತೆ ಮಾಡಿಬಿಡುವುದು ಸುಲಭ. ಬಹಳ ಕಡೆ ಆಗುವುದೂ ಅದೇ. ದುಶೋಫೂರ್ ಆ ದಾರಿ ಹಿಡಿದಿಲ್ಲ. ವೆನಿಲಾ ಇದೆ, ಆದರೆ ಅದಕ್ಕೆ ಮುಂದೆ ಬರಲು ಬಿಟ್ಟಿಲ್ಲ. ಲಾವಂಚವನ್ನೂ ಹೀಗೇ ಯೋಚಿಸಿ ಹಾಕಿದ್ದಾರೆ. ಜಾವಾ ಲಾವಂಚಕ್ಕೆ ಹೊಗೆಯ ವಾಸನೆ ಜಾಸ್ತಿ, ಹೈತಿಯದ್ದು ಇನ್ನೂ ತಿಳಿ. ಎರಡನ್ನೂ ಸೇರಿಸಿದ್ದರಿಂದ ಬೇಸಿಗೆಯಲ್ಲಿ ನೀರು ಚಿಮುಕಿಸಿದ ಲಾವಂಚದ ತಡಿಕೆಯ ತಂಪು ಧೂಪದ ಬಿಸಿಯ ಕೆಳಗೆ ಒಂದೇ ಸಮ ಹರಿಯುತ್ತದೆ. ಧೂಪದ ಪರ್ಫ್ಯೂಮ್ ಹಚ್ಚಿಕೊಂಡರೆ ತಲೆ ಭಾರವಾಗುತ್ತದೆ ಅನ್ನುವವರು ಇದನ್ನು ಪ್ರಯತ್ನಿಸಬಹುದು.

ಈ ಹೊತ್ತಿನಲ್ಲೇ ಒಂದು ಮಧ್ಯಾಹ್ನ ಅಮ್ಮ ನನ್ನ ಪಕ್ಕ ಬಂದು ಕೂತರು. ಸುತ್ತ ನೋಡಿದರು.

‘ಸಾಂಬ್ರಾಣಿ ಹಾಕಿದ್ಯೇನೇ? ಹೊಗೇನೇ ಇಲ್ವಲ್ಲ.’

ಕೈ ಮುಂದೆ ಚಾಚಿದೆ. ಮೂಸಿದರು. ಇನ್ನೊಂದು ಸಲ ಮೂಸಿದರು.

‘ಲವಂಗ ಇದೆ. ಬೋಳ ಇದೆ ಕಣೇ ಇದ್ರಲ್ಲಿ. ಬಾಣಂತಿ ಕೋಣೆ ವಾಸನೆ. ಯಾರು ಮಾಡಿದ್ದು?’

‘ಪ್ಯಾರಿಸ್‌ನೋರು ಅಮ್ಮಾ.’

‘ಚೆನ್ನಾಗಿ ಮಾಡಿದಾರೆ. ಗಂಧಾನೂ ಇರಬೇಕು, ಸ್ವಲ್ಪ ತಡಿ, ಬರತ್ತೆ.’

ಪಟ್ಟಿ ಓದದೆ, ಪರ್ಫ್ಯೂಮ್ ಪುಸ್ತಕ ಮುಟ್ಟದೆ ಅಮ್ಮ ಹೇಳಿದ್ದು ಅಷ್ಟೂ ಸರಿ. ಗ್ರಂಧಿಗೆ ಸಾಮಾನು ಕುಟ್ಟಿ, ಅರೆದು, ಧೂಪ ಹಾಕಿ ಬೆಳೆದ ಮೂಗು ಅದು. ನಮ್ಮ ಮನೆಗಳಲ್ಲಿ ಇಂಥ ಮೂಗುಗಳು ಎಷ್ಟೊಂದಿವೆ. ‘ತಡಿ, ಬರತ್ತೆ’ ಅಂದರಲ್ಲ, ಆ ಮಾತು ನನಗೆ ತುಂಬಾ ಹಿಡಿಸಿತು. ಗಂಧ ತಡವಾಗಿ ಬರುತ್ತದೆ ಅನ್ನುವುದು ಅವರಿಗೆ ಸಾಣೆಕಲ್ಲಿನ ಮೇಲೆ ತೇಯ್ದು ಗೊತ್ತು.

ಗಂಧ ನಿಜಕ್ಕೂ ತಡವಾಗಿಯೇ ಬಂತು. ಗಂಧದೆಣ್ಣೆಯ ಮುಖ್ಯ ಅಂಶ ಸ್ಯಾಂಟಲಾಲ್. ಅದು ಭಾರದ ಅಣು. ಬೇಗ ಹಾರುವುದಿಲ್ಲ, ಜೋರಾಗಿ ಕೂಗುವುದೂ ಇಲ್ಲ. ಬೇರೆಯವರೆಲ್ಲ ಎದ್ದುಹೋದ ಮೇಲೆ ಅದು ಅಲ್ಲೇ ಇತ್ತು ಅಂತ ಗೊತ್ತಾಗುತ್ತದೆ. ಹಾಲಿನ ನಯ, ಸ್ವಲ್ಪ ಹುಳಿ, ಕಟ್ಟಿಗೆಯ ಒಗರು. ಸೋಪಿನ ಗಂಧವನ್ನೇ ಗಂಧ ಅಂದುಕೊಂಡವರಿಗೆ ಇದು ಸಪ್ಪೆ ಅನ್ನಿಸಬಹುದು. ತೇಯ್ದ ಗಂಧ ಹಣೆಗೆ ಇಟ್ಟುಕೊಂಡು ಬೆಳೆದವರಿಗೆ ಹಾಗನ್ನಿಸುವುದಿಲ್ಲ.

ಮೈಸೂರಿನ ಹೆಸರು ಯುರೋಪಿನ ಪರ್ಫ್ಯೂಮ್ ಪಟ್ಟಿಗಳಲ್ಲಿ ಇಷ್ಟು ಗೌರವದಿಂದ ಕೂತಿರುವುದಕ್ಕೆ ದೊಡ್ಡ ಕಥೆಯೇ ಇದೆ. ಮೊದಲ ಮಹಾಯುದ್ಧದವರೆಗೆ ಇಲ್ಲಿಂದ ಹೋಗುತ್ತಿದ್ದದ್ದು ಕೊರಡು. ಎಣ್ಣೆ ತೆಗೆಯುತ್ತಿದ್ದದ್ದು ಯುರೋಪಿನಲ್ಲಿ, ಅದರಲ್ಲೂ ಜರ್ಮನಿಯಲ್ಲಿ. ಯುದ್ಧ ಶುರುವಾದ ಮೇಲೆ ಕೊರಡುಗಳು ಇಲ್ಲೇ ಉಳಿದವು. ಆಗ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆ, ವಿಶ್ವೇಶ್ವರಯ್ಯನವರು ದಿವಾನರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಸಾಯನ ತಜ್ಞರ ನೆರವಿನಿಂದ ನಮ್ಮಲ್ಲೇ ಎಣ್ಣೆ ಬಟ್ಟಿ ಇಳಿಸುವ ಕೆಲಸ ಶುರುವಾಯಿತು. 1916–17ರ ಹೊತ್ತಿಗೆ ಸರ್ಕಾರದ ಗಂಧದೆಣ್ಣೆ ಕಾರ್ಖಾನೆ ತಲೆ ಎತ್ತಿತು. ಮುಂದೆ ಸೋಪೂ ಬಂತು. ಕೊರಡು ಕಳಿಸುವ ಊರು ಎಣ್ಣೆ ಕಳಿಸುವ ಊರಾಯಿತು.

ಇದೇ ಹೊತ್ತಿಗೆ ಮರದ ಕಥೆ ಬೇರೆ ದಿಕ್ಕಿಗೆ ಹೋಯಿತು. 1899ರಲ್ಲಿ ಕೊಡಗಿನಲ್ಲಿ ಮೊದಲು ಕಂಡ, ಗಂಧದ ಮರಕ್ಕೆ ಬರುವ ಸ್ಪೈಕ್ ರೋಗ ಕಾಡುಗಳನ್ನು ತಿನ್ನುತ್ತಾ ಬಂತು. ಕಳ್ಳತನದ ಬಗ್ಗೆ ನಾನು ಹೇಳಬೇಕಿಲ್ಲ, ಎಲ್ಲರಿಗೂ ಗೊತ್ತು. 1998ರಿಂದ ಶ್ರೀಗಂಧ ಅಪಾಯದ ಅಂಚಿನ ಮರಗಳ ಪಟ್ಟಿಯಲ್ಲಿದೆ. ನಮ್ಮ ಹಿತ್ತಲಲ್ಲಿ ಹುಟ್ಟಿದ ಗಂಧದ ಮರವೂ ಸರ್ಕಾರದ್ದು ಅನ್ನುವ ಕಾನೂನು ಬಹಳ ಕಾಲ ಇತ್ತು. ಕರ್ನಾಟಕದಲ್ಲಿ ಅದು ಬದಲಾದದ್ದು 2001ರಲ್ಲಿ. ಈಗ ರೈತರು ಬೆಳೆಯುತ್ತಿದ್ದಾರೆ. ಆದರೆ ಕೆಚ್ಚು ಕಟ್ಟಿ ಒಳ್ಳೆಯ ಎಣ್ಣೆ ಬರಬೇಕಾದರೆ ಮರಕ್ಕೆ ಹತ್ತಾರು ವರ್ಷ ಬೇಕು. ಅಷ್ಟರಲ್ಲಿ ಇದೇ ಜಾತಿಯ ಮರವನ್ನು ಆಸ್ಟ್ರೇಲಿಯಾದವರು ದೊಡ್ಡ ತೋಟಗಳಲ್ಲಿ ಬೆಳೆದಿದ್ದಾರೆ. ತ್ರಯೀಯ ಆರನೇ ಗಂಟೆಯಲ್ಲಿ ಕೈ ಮೂಸುತ್ತಾ ನನಗೆ ಸಂತೋಷದ ಜೊತೆಗೆ ಸಂಕಟವೂ ಆಯಿತು. ಮೈಸೂರಿನವರಿಗೆ ಮೈಸೂರಿನ ಗಂಧದೆಣ್ಣೆ ಮೈಮೇಲೆ ಹೀಗೆ ಅರಳುವುದನ್ನು ನೋಡಲು ಪ್ಯಾರಿಸ್‌ನಿಂದ ಶೀಶೆ ಬರಬೇಕೇ?

ಮೂಗು ದಣಿಯುವ ವಿಷಯ ಹೇಳಿಬಿಡುತ್ತೇನೆ. ಒಂದೇ ವಾಸನೆಯನ್ನು ಬಿಡದೆ ಮೂಸಿದರೆ ಮೂಗು ಅದನ್ನು ಮರೆತುಬಿಡುತ್ತದೆ. ಪರ್ಫ್ಯೂಮ್ ಅಂಗಡಿಗಳಲ್ಲಿ ಕಾಫಿ ಬೀಜದ ಬಟ್ಟಲು ಇಟ್ಟಿರುತ್ತಾರೆ. ಅದನ್ನು ಮೂಸಿದರೆ ಮೂಗು ಮತ್ತೆ ಹೊಸದಾಗುತ್ತದೆ ಅನ್ನುವ ನಂಬಿಕೆ. 2011ರ ಒಂದು ಅಧ್ಯಯನದಲ್ಲಿ ಕಾಫಿ ಬೀಜಕ್ಕೂ ಬರೀ ಗಾಳಿಗೂ ವ್ಯತ್ಯಾಸ ಕಾಣಲಿಲ್ಲ. ಕಾಫಿಯ ಊರಿನವರಾದ ನಮಗೆ ಇದು ಬೇಸರದ ಸುದ್ದಿಯೇನಲ್ಲ, ಕಾಫಿ ಕುಡಿಯುವುದಕ್ಕೇ ಇರಲಿ. ನಾನು ಎದ್ದು ಬಾಲ್ಕನಿಗೆ ಹೋಗಿ ಬರುತ್ತೇನೆ. ಅಂಟಿನ ಪರ್ಫ್ಯೂಮ್‌ಗೆ ಇದೇ ಸರಿಯಾದ ಕ್ರಮ. ಹತ್ತಿರ ಹಿಡಿದು ಮೂಸುವುದಕ್ಕಿಂತ ಮರೆತು ಕೆಲಸ ಮಾಡುತ್ತಿರುವಾಗ ತಾನಾಗಿ ಬರುವ ವಾಸನೆಯೇ ಅದರ ನಿಜವಾದ ಅಳತೆ.

ಹವಾಮಾನದ್ದೂ ಪಾತ್ರ ಇದೆ. ಬೆಂಗಳೂರಿನ ಡಿಸೆಂಬರ್ ಬೆಳಗಿನಲ್ಲಿ ತ್ರಯೀ ಮೈಗೆ ಅಂಟಿಕೊಂಡು ನಿಧಾನವಾಗಿ ಏಳುತ್ತದೆ. ಧೂಪ, ಗಂಧ ಎರಡೂ ಬಿಡಿಬಿಡಿಯಾಗಿ ಸಿಗುತ್ತವೆ. ಏಪ್ರಿಲ್‌ನ ಮಂಗಳೂರಿನಲ್ಲಿ, ಬೆವರಿನ ನಡುವೆ, ಮಸಾಲೆ ಒಮ್ಮೆಲೇ ಮೇಲೆದ್ದು ಬೇಗ ಮುಗಿಯಿತು. ಲವಂಗ ಮಾತ್ರ ಮುಂದೆ ಬಂದು ಹಲ್ಲುನೋವಿನ ಔಷಧಿಯನ್ನು ನೆನಪಿಸಿತು. ಅಂಥ ಸೆಕೆಗೆ ಇದು ಹೇಳಿ ಮಾಡಿಸಿದ್ದಲ್ಲ. ಏರ್ ಕಂಡೀಷನ್ ಇರುವ ಆಫೀಸಿನಲ್ಲಿ ಪರವಾಗಿಲ್ಲ, ಆದರೆ ಅಕ್ಕಪಕ್ಕದವರನ್ನು ನೆನೆದು ಒಂದೇ ಸ್ಪ್ರೇ ಸಾಕು. ಬಟ್ಟೆಯ ಮೇಲೆ ಹಾಕಿದರೆ ಮಾರನೇ ದಿನವೂ ಇರುತ್ತದೆ. ರೇಷ್ಮೆ ಸೀರೆಗೆ ಮಾತ್ರ ಹಾಕಬೇಡಿ, ಅಂಟಿನ ಬಣ್ಣ ಕಲೆಯಾಗಿ ನಿಲ್ಲಬಹುದು. ಹಳೆಯ ಹತ್ತಿ ದುಪಟ್ಟಾ ಇದ್ದರೆ ಅದು ಒಳ್ಳೆಯ ಜಾಗ.

ಗಂಡಸರಿಗೋ ಹೆಂಗಸರಿಗೋ ಅಂತ ಕೆಲವರು ಕೇಳಿದರು. ಗಂಧ, ಧೂಪಕ್ಕೆ ನಮ್ಮಲ್ಲಿ ಯಾವತ್ತೂ ಆ ಭೇದ ಇರಲಿಲ್ಲ. ಇದಕ್ಕೂ ಇಲ್ಲ.

ಬೇರೆಯವರ ಮೈ ಮೇಲೆ ಇದು ಬೇರೆ ಥರ ಇರುತ್ತದಾ ಅನ್ನುವ ಪ್ರಶ್ನೆಯೂ ಬಂತು. ತಂಗಿಯ ಕೈಗೂ ಹಾಕಿ ನೋಡಿದೆ. ಅವಳ ಚರ್ಮ ಎಣ್ಣೆಯ ಗುಣದ್ದು, ನನ್ನದು ಒಣ. ಅವಳ ಕೈಯಲ್ಲಿ ಏಲಕ್ಕಿ ನನಗಿಂತ ಎಷ್ಟೋ ಹೊತ್ತು ನಿಂತಿತು, ಧೂಪ ತಡವಾಗಿ ಬಂತು. ನನ್ನ ಕೈಯಲ್ಲಿ ಬೋಳದ ಕಹಿ ಎದ್ದು ಕಾಣುತ್ತದೆ, ಅವಳಲ್ಲಿ ಅದು ಸಿಹಿಯೊಳಗೆ ಅಡಗಿತ್ತು. ಬಾಟಲಿ ಒಂದೇ, ಬಿಸಿ ಮತ್ತು ಎಣ್ಣೆ ಬೇರೆ. ಅದಕ್ಕೇ ಇನ್ನೊಬ್ಬರು ಹೊಗಳಿದರು ಅಂತ, ಈ ಬರಹ ಓದಿದೆ ಅಂತ ಯಾರೂ ದೊಡ್ಡ ಬಾಟಲಿ ಕೊಳ್ಳಬೇಡಿ. ಮೊದಲು ಸ್ಯಾಂಪಲ್ ತರಿಸಿ. ಒಂದು ಪೂರ್ತಿ ದಿನ ಅದಕ್ಕೆ ಕೊಡಿ. ಆ ದಿನ ಬೇರೆ ಯಾವ ಪರ್ಫ್ಯೂಮೂ ಬೇಡ.

ನಾನು ಕೊಳ್ಳುತ್ತೇನಾ? ಹೌದು. ದುಡ್ಡು ಕೂಡಿಸುತ್ತಿದ್ದೇನೆ. ಅಷ್ಟು ಬೆಲೆಯ ವಸ್ತುವನ್ನು ದಿನಾ ಹಾಕುವುದಿಲ್ಲ. ತಣ್ಣನೆಯ ತಿಂಗಳುಗಳಿಗೆ, ಮನೆಯಲ್ಲೇ ಇರುವ ಭಾನುವಾರಗಳಿಗೆ ಇಟ್ಟುಕೊಳ್ಳುತ್ತೇನೆ.

ಅದಕ್ಕಿಂತ ದೊಡ್ಡ ಆಸೆ ಇನ್ನೊಂದಿದೆ. ಹಾಲ್ಮಡ್ಡಿ ಅಂತ ನಮ್ಮ ಘಟ್ಟದ ಅಂಟೊಂದಿದೆ. ಮಸಾಲೆ ಊದುಬತ್ತಿಗೆ ಮೆತ್ತನೆಯ ಹದ ಬರುವುದು ಅದರಿಂದ, ಗಾಳಿಯ ತೇವವನ್ನು ಹೀರಿಕೊಳ್ಳುವ ಗುಣ ಅದಕ್ಕಿದೆ. ಮರಗಳನ್ನು ಹದ ಮೀರಿ ಕೆತ್ತಿದ್ದರಿಂದ ಒಳ್ಳೆಯ ಹಾಲ್ಮಡ್ಡಿ ಸಿಗುವುದೇ ಕಷ್ಟವಾಗಿದೆ. ಇದ್ದದ್ದೂ ಊದುಬತ್ತಿಯ ತುದಿಯಲ್ಲಿ ಸುಟ್ಟು ಮುಗಿಯುತ್ತದೆ. ಅದನ್ನೂ, ರಾಳಧೂಪವನ್ನೂ, ಸಕಲೇಶಪುರದ ಏಲಕ್ಕಿಯನ್ನೂ, ರೈತರು ಬೆಳೆದ ಗಂಧವನ್ನೂ ಸೇರಿಸಿ, ಸುಡದೆ, ಮೈಮೇಲೆ ಹಚ್ಚಿಕೊಳ್ಳುವ ಹಾಗೆ ಒಂದು ಪರ್ಫ್ಯೂಮ್ ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಆಗಬೇಕು. ಕಲಿತ ಕೈಗಳು ನಮ್ಮಲ್ಲಿವೆ. ಊದುಬತ್ತಿ ಮತ್ತು ಅತ್ತರಿನ ಕೆಲಸ ತಲೆಮಾರುಗಳಿಂದ ಬಲ್ಲವರಿದ್ದಾರೆ. ಮರಕ್ಕೆ ನೋವಾಗದಂತೆ ಅಂಟು ಇಳಿಸುವುದನ್ನು ಅರಣ್ಯದವರ ಜೊತೆ ಕೂತು ಮೊದಲು ಸರಿಮಾಡಿಕೊಳ್ಳಬೇಕು. ಅಂಥ ಕೆಲಸ ಯಾರಾದರೂ ಶುರುಮಾಡಿದ್ದರೆ ದಯವಿಟ್ಟು ನನಗೆ ತಿಳಿಸಿ. ಮೊದಲ ಸ್ಯಾಂಪಲ್ ಅಮ್ಮನ ಕೈಗೆ ಹಾಕಿ, ಸಂಜೆವರೆಗೆ ಕಾದು, ಅವರು ಏನೇನು ಹೇಳುತ್ತಾರೋ ಅಷ್ಟನ್ನೂ ಬರೆದು ಕಳಿಸುತ್ತೇನೆ.